ನಾಯಿಗಳಿಗೆ ಪ್ರವೇಶವಿಲ್ಲ, ಕಣಗಿಲೆಗೆ ಸ್ವಾಗತ

ನಮ್ಮ ಅಪಾರ್ಟ್‌ಮೆಂಟಿನ ಉದ್ಯಾನದ ಬಾಗಿಲಲ್ಲಿ ‘ನಾಯಿಗಳಿಗೆ ಪ್ರವೇಶವಿಲ್ಲ’ ಎಂಬ ಫಲಕವಿದೆ. ಪ್ರತ್ಯೇಕ ಕಂಬಕ್ಕೆ ಹಣ ಮಂಜೂರಾಗದ ಕಾರಣ ಅದನ್ನು ಅಲ್ಲೇ ಸೊಂಪಾಗಿ ಬೆಳೆದಿದ್ದ ಕಣಗಿಲೆ ಗಿಡಕ್ಕೆ ತಂತಿಯಿಂದ ಬಿಗಿಯಲಾಗಿದೆ. ಎಲೆ, ಹೂವು, ತೊಗಟೆ, ಬೇರು ಎನ್ನದೆ ಮೈಯೆಲ್ಲ ವಿಷ ತುಂಬಿಕೊಂಡು, ನಾಯಿಯ ಎದೆಬಡಿತದ ಲಯವನ್ನೇ ಕೆಡಿಸಬಲ್ಲ ಗಿಡವೊಂದು, ನಾಯಿಯಿಂದ ನಮಗೆ ಒದಗಬಹುದಾದ ಅಪಾಯದ ಬಗ್ಗೆ ಹಗಲಿರುಳೂ ಎಚ್ಚರಿಸುತ್ತ ನಿಂತಿರುವುದನ್ನು ನಾನು ದಿನವೂ ಹಾಲಿನ ಪ್ಯಾಕೆಟ್ ಹಿಡಿದು ದಾಟುತ್ತೇನೆ.

ನಮ್ಮ ಸಂಘವು ನಾಯಿಗಳ ವಿಷಯದಲ್ಲಿ ಉದಾಸೀನ ತೋರಿದೆ ಎಂದು ಯಾರೂ ದೂರುವಂತಿಲ್ಲ. ಸಂಘಗಳು ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಹೊರಡಿಸಿದ ಮೇಲೆ, ನಿಷೇಧವೊಂದನ್ನು ಬಿಟ್ಟು ಉಳಿದೆಲ್ಲ ನಿಯಮಗಳನ್ನೂ ರೂಪಿಸಲಾಗಿದೆ. ನಾಯಿ ಯಾವ ಲಿಫ್ಟಿನಲ್ಲಿ ಇಳಿಯಬೇಕು, ಅದರ ಬೆಲ್ಟು ಎಷ್ಟು ಉದ್ದವಿರಬೇಕು, ರಾತ್ರಿ ಎಷ್ಟು ಗಂಟೆಯ ನಂತರ ಬೊಗಳಬಾರದು ಎಂಬುದೆಲ್ಲ ಅದರಲ್ಲಿದೆ. ಗಿಡಗಳ ಬಗ್ಗೆ ಇರುವುದು ಒಂದೇ ವಾಕ್ಯ: ಕಡಿಮೆ ನೀರು ಬೇಡುವಂಥವಾಗಿರಬೇಕು. ಕಣಗಿಲೆ ಆ ಪರೀಕ್ಷೆಯಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಯಿತು. ಹೆದ್ದಾರಿಯ ನಡುವೆ ಅದನ್ನು ನೆಡುವಾಗ ದನ ಬಾಯಿ ಹಾಕುವುದಿಲ್ಲ ಎಂಬುದನ್ನೇ ಅದರ ದೊಡ್ಡ ಗುಣವಾಗಿ ಹೇಳುತ್ತಾರೆ. ಏಕೆ ಬಾಯಿ ಹಾಕುವುದಿಲ್ಲ ಎಂದು ದನವನ್ನು ಕೇಳುವ ಪದ್ಧತಿ ನಮ್ಮಲ್ಲಿಲ್ಲ.

ಮನೆಯೊಳಗಿನ ಕಥೆ ಬೇರೆಯಲ್ಲ. 1989ರಲ್ಲಿ ನಾಸಾದ ವಿಜ್ಞಾನಿಗಳು ಮುಚ್ಚಿದ ಪೆಟ್ಟಿಗೆಗಳಲ್ಲಿ ಗಿಡಗಳನ್ನಿಟ್ಟು ನಡೆಸಿದ ಪ್ರಯೋಗವನ್ನು ನರ್ಸರಿಯವರು ಇಂದಿಗೂ ಸುಪ್ರಭಾತದಂತೆ ಪಠಿಸುತ್ತಾರೆ. ಅವರು ಮನಿ ಪ್ಲಾಂಟ್, ಪೀಸ್ ಲಿಲಿಗಳು ಗಾಳಿಯನ್ನು ಶುದ್ಧಗೊಳಿಸುತ್ತವೆ ಎನ್ನುತ್ತಾರೆಯೇ ಹೊರತು, ಅವುಗಳ ಎಲೆ ಜಗಿದ ನಾಯಿಯ ಬಾಯಿಗೆ ಸೂಜಿಯಂಥ ಆಕ್ಸಲೇಟ್ ಹರಳುಗಳು ಚುಚ್ಚಿ ಜೊಲ್ಲು ಸುರಿಯುತ್ತದೆ ಎಂದು ಚೀಟಿಯಲ್ಲಿ ಬರೆಯುವುದಿಲ್ಲ. ಬೆಕ್ಕಿದ್ದವರ ಮನೆಗೆ ಗೃಹಪ್ರವೇಶದ ದಿನ ಪೀಸ್ ಲಿಲಿಯಂತೆ ಹೆಸರಿಗಷ್ಟೇ ಲಿಲಿಯಲ್ಲದ, ನಿಜವಾದ ಲಿಲಿಯ ಹೂಗುಚ್ಛ ಕೊಂಡೊಯ್ಯುವವರ ಸೌಜನ್ಯವಂತೂ ದೊಡ್ಡದು. ಮೈಮೇಲೆ ಉದುರಿದ ಪರಾಗವನ್ನು ನೆಕ್ಕಿಕೊಂಡರೂ ಸಾಕು, ಬೆಕ್ಕಿನ ಮೂತ್ರಪಿಂಡಗಳು ಕೆಡಬಹುದು.

ಕಳೆದ ತಿಂಗಳು ಮೂರನೆಯ ಮಹಡಿಯ ಲ್ಯಾಬ್ರಡಾರ್ ಮುಖ್ಯದ್ವಾರದ ಪಕ್ಕದಲ್ಲಿ ಬೆಲ್ಟಿನ ಉದ್ದದ ನಿಯಮವನ್ನು ಪಾಲಿಸುತ್ತಲೇ, ಕುಳ್ಳ ತಾಳೆಯಂತೆ ಕಾಣುವ ಸೈಕಸ್ ಎಂಬ ಅಲಂಕಾರಿಕ ಗಿಡದ ಬುಡದಲ್ಲಿ ಹಣ್ಣಡಿಕೆಯಂತೆ ಕೆಂಪಗೆ ಬಿದ್ದಿದ್ದ ಬೀಜವೊಂದನ್ನು ಕಚ್ಚಿ ಅಗಿಯಿತು. ಆ ಗಿಡದಲ್ಲಿ ಬೀಜವೇ ಅತಿ ವಿಷ, ಅದು ಯಕೃತ್ತಿಗೇ ಕೈ ಹಾಕುತ್ತದೆ, ಅದಕ್ಕೆ ಪ್ರತ್ಯೌಷಧವೂ ಇಲ್ಲ. ವಾಂತಿ ಶುರುವಾದ ಕೂಡಲೇ ಕರೆದೊಯ್ದದ್ದರಿಂದ, ಐದು ದಿನ ಡ್ರಿಪ್‌ನಲ್ಲಿದ್ದು ನಾಯಿ ಬದುಕಿತು. ಅದು ಏನು ತಿಂದಿತೆಂದು ಪಶುವೈದ್ಯರು ಕೇಳಿದಾಗ ಅದರ ಯಜಮಾನರು ಫೋನಿನಲ್ಲಿದ್ದ ದೀಪಾವಳಿಯ ಗ್ರೂಪ್ ಫೋಟೊ ತೋರಿಸಿದ್ದರು. ಪದಾಧಿಕಾರಿಗಳೆಲ್ಲ ಸೈಕಸ್ ಸುತ್ತ ನಗುತ್ತ ನಿಂತಿದ್ದ ಚಿತ್ರ ಅದು.

ಮುಂದಿನ ಭಾನುವಾರ ತುರ್ತು ಸಭೆ ಸೇರಿತು. ಗಿಡವನ್ನು ಕೀಳುವ ಸಲಹೆಯು, ಅದಕ್ಕೆ ಎಂಟು ಸಾವಿರ ರೂಪಾಯಿ ಕೊಟ್ಟಿದ್ದೇವೆ ಎಂಬ ಖಜಾಂಚಿಯವರ ಮಾತಿನ ಮುಂದೆ ನಿಲ್ಲಲಿಲ್ಲ. ಮಂಗಳವಾರ ನಾಯಿಯ ಯಜಮಾನರ ಕೈಗೆ 500 ರೂಪಾಯಿ ದಂಡದ ರಸೀದಿ ಬಂತು. ಅದರಲ್ಲಿ ‘ಕಾರಣ’ ಎಂದಿರುವ ಕಡೆ ನೀಲಿ ಶಾಯಿಯಲ್ಲಿ ದುಂಡಗೆ ಬರೆದಿತ್ತು: ‘ಸಂಘದ ಅಲಂಕಾರಿಕ ಸಸ್ಯಕ್ಕೆ ಹಾನಿ.’