ತೆರೆಯ ಮಾಸ್ಟ್ರಿಗೆ ಪಾಠವೇ ಇಲ್ಲ

ಕನ್ನಡ ಸಿನಿಮಾ, ಧಾರಾವಾಹಿಗಳ ಮಾಸ್ಟ್ರು ಒಂದೋ ಕೋಲು ಹಿಡಿದ ಕೋಡಂಗಿ, ಇಲ್ಲವೇ ಭಾಷಣ ಬಿಗಿದು ಊರನ್ನೇ ಎಬ್ಬಿಸುವ ಮಹಾತ್ಮ. ಪಾಠ ಮಾಡುವುದೊಂದು ಬಿಟ್ಟು ಎಲ್ಲವನ್ನೂ ಮಾಡುತ್ತಾರೆ. ಕೇರಳಕ್ಕೆ ಸೇರಿದ ಕಾಸರಗೋಡಿನ ಕನ್ನಡ ಶಾಲೆಗಳಿಗೆ ಕನ್ನಡ ಬಾರದ ಮಲಯಾಳಿ ಮಾಸ್ಟ್ರು ಬರುವುದುಂಟು, ಹಾಗಾಗಿ ಇಲ್ಲಿ ಕೂತು ನೋಡುವವರಿಗೆ ಇದು ಹೆಚ್ಚೇ ಚುಚ್ಚುತ್ತದೆ.

2018ರಲ್ಲಿ ಬಂದ ‘ಸರ್ಕಾರಿ ಹಿ. ಪ್ರಾ. ಶಾಲೆ ಕಾಸರಗೋಡು’ ಸಿನಿಮಾ ನಮ್ಮ ಅಳಲನ್ನು ಬೆಂಗಳೂರಿನವರೆಗೆ ಮುಟ್ಟಿಸಿತು, ಆ ಋಣ ಇದ್ದೇ ಇದೆ. ಆದರೆ ಆ ಸಿನಿಮಾದಲ್ಲಿ ಕನ್ನಡ ಬಾರದ ಮಾಸ್ಟ್ರು ಲೆಕ್ಕ ಕಲಿಸಲು ತರಗತಿಗೆ ಕಾಲಿಟ್ಟರೆ ನಗು, ಗಲಾಟೆ. ನಿಜವಾದ ತರಗತಿಯಲ್ಲಿ ಗಲಾಟೆ ಏಳುವುದೇ ಕಡಿಮೆ. ಹಲಗೆಯ ಮೇಲಿನ ಅಂಕಿ ಎಲ್ಲರಿಗೂ ಒಂದೇ. ಮಕ್ಕಳು ಚೊಕ್ಕವಾಗಿ ಬರೆದುಕೊಳ್ಳುತ್ತಾರೆ, ಪುಸ್ತಕ ತುಂಬುತ್ತದೆ, ಕೂಡಿಸುವ ಕಳೆಯುವ ಲೆಕ್ಕ ಹೇಗೋ ಸಾಗುತ್ತದೆ. ಮಗು ಮುಗ್ಗರಿಸುವುದು ವಾಕ್ಯದಲ್ಲಿ ಕೊಟ್ಟ ಲೆಕ್ಕದಲ್ಲಿ. ಯಾವುದನ್ನು ಯಾವುದರಿಂದ ಭಾಗಿಸಬೇಕೆಂದು ತಿಳಿಯದು, ಕೇಳೋಣವೆಂದರೆ ಮಾಸ್ಟ್ರಿಗೆ ಪ್ರಶ್ನೆಯೇ ಅರ್ಥವಾಗದು. ಕೊನೆಗೆ ಕೇಳುವುದನ್ನೇ ಬಿಡುತ್ತದೆ. ತುಂಬಿದ ಪುಸ್ತಕ ನೋಡಿದ ಮನೆಯವರಿಗೆ ಪರೀಕ್ಷೆಯ ತನಕ ಸುಳಿವಿಲ್ಲ.

ಹುದ್ದೆಯ ಕಥೆಯಂತೂ ಯಾವ ಚಿತ್ರಕಥೆಗೂ ಹೊಳೆದಿಲ್ಲ. ಕೇರಳದಲ್ಲಿ ಜೂನ್‌ನಲ್ಲಿ ಶಾಲೆ ತೆರೆದ ಆರನೇ ಕೆಲಸದ ದಿನ ಮಕ್ಕಳ ತಲೆ ಎಣಿಸುತ್ತಾರೆ. ಆ ಎಣಿಕೆಯ ಮೇಲೆ ಹುದ್ದೆ ನಿಗದಿ. ಎಲ್‌ಪಿಯಲ್ಲಿ, ಅಂದರೆ ಕಿರಿಯ ಪ್ರಾಥಮಿಕದಲ್ಲಿ, 30 ಮಕ್ಕಳಿಗೆ ಒಬ್ಬರು ಟೀಚರು, ಯುಪಿಯಲ್ಲಿ, ಅಂದರೆ ಹಿರಿಯ ಪ್ರಾಥಮಿಕದಲ್ಲಿ, 35ಕ್ಕೆ ಒಬ್ಬರು. ಅದಕ್ಕೇ ಏಪ್ರಿಲ್, ಮೇ ಬಿಸಿಲಲ್ಲಿ ಟೀಚರುಗಳು ಮನೆಮನೆಯ ಮೆಟ್ಟಿಲು ಹತ್ತುವುದು. ಇಂಗ್ಲಿಷ್ ಮೀಡಿಯಂನ ಬಸ್ಸು ಆಗಲೇ ಅದೇ ಅಂಗಳಕ್ಕೆ ಬಂದಿರುತ್ತದೆ. ಮೂರ್ನಾಲ್ಕು ಮಕ್ಕಳು ಕಮ್ಮಿಯಾದರೂ ತರಗತಿಯ ಒಂದು ಡಿವಿಜನ್ (ವಿಭಾಗ) ಹೋಗಬಹುದು, ಅದರ ಹಿಂದೆ ಹುದ್ದೆಯೂ. ದಿನ ಗೊತ್ತಿದೆ, ಗೆಲ್ಲಬೇಕಾದ ಸಂಖ್ಯೆ ಗೊತ್ತಿದೆ, ಎದುರಾಳಿಯೂ ಇದ್ದಾನೆ. ಸಿನಿಮಾಕ್ಕೆ ಇನ್ನೇನು ಬೇಕೋ!

ಮಲಯಾಳ ಸಿನಿಮಾದ ಮಾಸ್ಟ್ರುಗಳೇನೂ ಇದಕ್ಕಿಂತ ಬೇರೆಯಲ್ಲ. ಆದರೆ ಕೊರೊನಾದಿಂದ ಶಾಲೆ ಮುಚ್ಚಿದ್ದ 2020ರ ಜೂನ್ 1ರಂದು ಕೇರಳ ಸರ್ಕಾರದ ಶಿಕ್ಷಣ ಚಾನೆಲ್ ಕೈಟ್ ವಿಕ್ಟರ್ಸ್ ‘ಫಸ್ಟ್ ಬೆಲ್’ ಎಂಬ ಟಿವಿ ಪಾಠ ಶುರುಮಾಡಿದಾಗ ಕೇರಳದ ಮನೆಗಳು ನಿಜವಾದ ಪಾಠ ಕಂಡವು. ಒಂದನೇ ತರಗತಿಗೆ ಬೆಕ್ಕಿನ ಕಥೆ ಹೇಳಿದ ಟೀಚರಮ್ಮನನ್ನು ಮೊದಲ ದಿನ ಟ್ರೋಲ್ ಮಾಡಿದರು. ಮಕ್ಕಳು ಮಾತ್ರ ಟಿವಿ ಬಿಟ್ಟು ಏಳಲಿಲ್ಲ. ದನಿ ಏರಿಸಿ ಇಳಿಸಿ, ಹೇಳಿದ್ದನ್ನೇ ಇನ್ನೊಂದು ಬಗೆಯಲ್ಲಿ ಹೇಳಿ, ಉತ್ತರಕ್ಕೆ ಕಾದು ನಿಲ್ಲುವುದೂ ದುಡಿಮೆಯೇ ಎಂದು ಅಪ್ಪ ಅಮ್ಮಂದಿರಿಗೆ ತಿಳಿದದ್ದು ಆಗ. ಚಂದನದಲ್ಲೂ ಪಾಠಗಳು ಬಂದವು. ಆದರೆ ನಮ್ಮ ಧಾರಾವಾಹಿಯವರು ಅದನ್ನು ನೋಡಿದ ಹಾಗಿಲ್ಲ, ಅವರ ಟೀಚರ್ ಈಗಲೂ ಸೀರೆ ಸರಿಮಾಡಿಕೊಳ್ಳುತ್ತ ಸ್ಟಾಫ್ ರೂಮಿನಲ್ಲೇ ಕೂತಿದ್ದಾಳೆ.