ಮಾವಿನ ಗಿಡಕ್ಕೆ ಧೂಪ

ಹೊಗೆ ಹಾಕಿದರೆ ಮಾವು ಹೂ ಬಿಡುತ್ತದೆ ಅಂದರೆ ನಗಬೇಡಿ. ಫಿಲಿಪೈನ್ಸ್ ರೈತರು ಇದನ್ನು ಎಷ್ಟೋ ಕಾಲದಿಂದ ಮಾಡಿದ್ದಾರೆ. ಗಿಡದ ಕೆಳಗೆ ಹಸಿ ಸೊಪ್ಪು, ಹುಲ್ಲು ಸುಟ್ಟು ಮೊಗ್ಗು ಕಾಣುವವರೆಗೂ ದಿನಗಟ್ಟಲೆ ಹೊಗೆ ಹಿಡಿಯುತ್ತಿದ್ದರು. ಬಾಳೆಗೊನೆಯನ್ನು ಕೋಣೆಯಲ್ಲಿಟ್ಟು ಹೊಗೆ ಹಾಕಿ ಹಣ್ಣು ಮಾಡ್ತಾರಲ್ಲ, ಆ ಹೊಗೆಯಲ್ಲಿರುವ ಎಥಿಲೀನ್ ಅನಿಲವೇ ಇಲ್ಲೂ ಕೆಲಸ ಮಾಡುತ್ತದೆ ಅಂತ ತಿಳಿದವರ ಮಾತು. 1970ರ ದಶಕದಲ್ಲಿ ಅಲ್ಲಿನ ವಿಜ್ಞಾನಿ ರಾಮೋನ್ ಬಾರ್ಬಾ ಪೊಟ್ಯಾಶಿಯಂ ನೈಟ್ರೇಟ್ ಸಿಂಪಡಿಸಿದರೂ ಹೂ ಬರುತ್ತದೆ ಅಂತ ತೋರಿಸಿದ ಮೇಲೆ ಕಣ್ಣುರಿ ತಪ್ಪಿತು. ನಮ್ಮ ಗೊಬ್ಬರದಂಗಡಿಯಲ್ಲಿ 13-0-45 ಅಂತ ಕೇಳಿದರೆ ಕೊಡೋದು ಅದನ್ನೇ.

ಕಲಬುರಗಿಯ ನಮ್ಮ ಓಣಿಯ ಕಾಕಾಗೆ ಮಾತ್ರ ಹೊಗೆಯೇ ಬೇಕು. ಚಳಿ ಶುರುವಾದರೆ ಸಂಜೆ ಎರಡು ಕುಳ್ಳು ಹೊತ್ತಿಸಿ, ಮೇಲೆ ಹಸಿ ಬೇವಿನ ಸೊಪ್ಪು ಹೇರಿ, ಉರಿ ಎದ್ದರೆ ಚೂರು ನೀರು ಚಿಮುಕಿಸಿ ಮತ್ತೆ ಹೊಗೆಗೇ ಇಳಿಸುತ್ತಾರೆ. ಮಾಳಿಗೆ ಮೇಲೆ ಬಟ್ಟೆ ಒಣಹಾಕಿದವರ ಬೈಗುಳ ಬೇರೆ. "ಏನ್ರೀ ಕಾಕಾ, ಗಿಡಕ್ಕ ಧೂಪ ಹಾಕ್ಲಿಕತ್ತೀರಿ?" ಅಂದರೆ, "ಹೂ ಬಿಡಬೇಕಲ್ಲೋ ತಮ್ಮಾ" ಅಂತಾರೆ. ಹೂ ಬಿಡೋದೂ ನಿಜ. ಚಳಿ ಬಿದ್ದರೆ ಮಾವು ತಾನಾಗೇ ಹೂ ಬಿಡುತ್ತದೆ ಅಂತ ಅವರ ಮುಂದೆ ಹೇಳೋರು ಯಾರು?

ಬೀಜದ ಕತೆಯೇ ಬೇರೆ. ಕಾಡ್ಗಿಚ್ಚು ಬೀಳುವ ಸೀಮೆಯ ಕೆಲವು ಗಿಡಗಳ ಬೀಜ, ನೀರು ಸಿಕ್ಕರೂ ಸುಮ್ನೆ ಮಲಗಿರುತ್ತದೆ. ಬೆಂಕಿಯ ಕಾವಿಗಲ್ಲ, ಬರೀ ಹೊಗೆಗೇ ಅದು ಏಳುತ್ತದೆ ಅಂತ 1990ರಲ್ಲಿ ದಕ್ಷಿಣ ಆಫ್ರಿಕಾದವರು ತೋರಿಸಿದರು. 2004ರಲ್ಲಿ ಆಸ್ಟ್ರೇಲಿಯಾದವರು ಹೊಗೆಯೊಳಗಿನ ಆ ವಸ್ತುವನ್ನೇ ಹಿಡಿದರು. ಕ್ಯಾರಿಕಿನ್ ಅಂತ ಹೆಸರು. ಸೊಪ್ಪುಸದೆ ಸುಟ್ಟಾಗ ಹುಟ್ಟುತ್ತದೆ, ಮಳೆ ನೀರಲ್ಲಿ ಕರಗಿ ಮಣ್ಣಿಗಿಳಿಯುತ್ತದೆ, ನೂರು ಕೋಟಿಯಲ್ಲಿ ಒಂದು ಪಾಲಿದ್ದರೂ ಸಾಕು. ಮೇಲಿನ ಪೊದೆಯೆಲ್ಲ ಸುಟ್ಟು ಬಿಸಿಲಿಗೆ ದಾರಿಯಾಗಿದೆ, ಇನ್ನು ಎದ್ದರೆ ಲಾಭ, ಅಲ್ವಾ?

ಹಳ್ಳಿಯಲ್ಲಿ ಒಲೆಯ ಮೇಲೆ ಬೀಜದ ಜೋಳದ ತೆನೆ ತೂಗುಹಾಕುತ್ತಿದ್ದರಲ್ಲ, ಅದು ಇದಕ್ಕಲ್ಲ. ಅದು ಹುಳಕ್ಕೆ.

ಈಗ ಹೊಗೆಯನ್ನು ನೀರಲ್ಲಿ ಹಾಯಿಸಿ ಬಾಟಲಿಯಲ್ಲೂ ಮಾರುತ್ತಾರೆ. ನೀರು ಬೆರೆಸಿ ತೆಳ್ಳಗೆ ಮಾಡಿಯೇ ಬಳಸಬೇಕು, ಜಾಸ್ತಿ ಗಟ್ಟಿಯಾದರೆ ಮೊಳಕೆಯೇ ನಿಂತುಹೋಗುತ್ತದೆ. ಕುಂಡದಲ್ಲಿ ಆಸ್ಟ್ರೇಲಿಯಾದ ಕಾಡುಹೂವು ಬೆಳೆಸೋ ಶೋಕಿ ಇದ್ದವರು ತಗೊಳ್ಳಲಿ. ನಮ್ಮ ತೊಗರಿಗೆ ಯಾರಾದರೂ ಅದನ್ನು ಮಾರಲು ಬಂದರೆ ಚಹಾ ಕುಡಿಸಿ ಕಳಿಸಿಬಿಡಿ. ಮಿರಗದ ಮಳೆ ಸರಿಯಾಗಿ ಬಿದ್ದರೆ ಅದು ಯಾರ ಹೊಗೆಗೂ ಕಾಯೋದಿಲ್ಲ.