ಇನ್ನೊಂದು 'ಸ್ಲೀಪ್ 200' ಪ್ಯಾಚ್

ಮತ್ತೆ ಅದೇ ಕಥೆ. ಹಳೇ ಪಾಕೆಟ್ ಆರ್ಗನೈಸರ್‌ನಿಂದ ಸೀರಿಯಲ್ ಕೇಬಲ್‌ನಲ್ಲಿ (ಬಿಟ್‌ಗಳು ಒಂದರ ಹಿಂದೊಂದು ಹೋಗೋ ತಂತಿ) ಡೇಟಾ ಎಳೆಯೋ ಓಪನ್ ಸೋರ್ಸ್ ಪ್ರೋಗ್ರಾಂ ಒಂದಕ್ಕೆ ಇವತ್ತು ಒಂದೇ ಸಾಲಿನ ಪ್ಯಾಚ್ (ಕೋಡ್ ತಿದ್ದುಪಡಿ) ಬಂದಿದೆ. ಕಮಾಂಡ್ ಕಳಿಸು, 200 ಮಿಲಿಸೆಕೆಂಡ್ ಸ್ಲೀಪ್ ಮಾಡು (ಸುಮ್ಮನೆ ಕಾದಿರು), ಆಮೇಲೆ ರೀಡ್ ಮಾಡು (ಬಂದದ್ದನ್ನು ಓದು). 'ಸೀರಿಯಲ್ ಬಗ್ ಫಿಕ್ಸ್ ಆಯ್ತು' ಅಂತ ಮೇಲೊಂದು ತಲೆಬರಹ, ಕೆಳಗೆ ಸಾಲುಸಾಲು ಹೆಬ್ಬೆರಳು. ಹಳೇ ಡಬ್ಬಗಳ ವಿಷಯದಲ್ಲಿ ನನ್ನ ತಲೆ ಎಷ್ಟು ಬೇಗ ಬಿಸಿಯಾಗುತ್ತೆ ಅಂತ ನಿಮಗೆ ಗೊತ್ತೇ ಇದೆ, ಹಾಗಾಗಿ ಪೀಠಿಕೆ ಬೇಡ.

ಲೆಕ್ಕ ಮಾಡಿ ನೋಡಿ. ತಂತಿಯ ವೇಗ 9600 ಬಾಡ್, ಅಂದ್ರೆ ಸೆಕೆಂಡಿಗೆ 9600 ಬಿಟ್; ಬೈಟ್ ಕಳಿಸೋ ರೂಪ 8-ಎನ್-1. ಒಂದು ಬೈಟ್‌ಗೆ ಸ್ಟಾರ್ಟ್ ಬಿಟ್, ಎಂಟು ಡೇಟಾ ಬಿಟ್, ಸ್ಟಾಪ್ ಬಿಟ್ ಸೇರಿ 10 ಬಿಟ್. ಅಂದ್ರೆ ಸೆಕೆಂಡಿಗೆ 960 ಬೈಟ್, 200 ಮಿಲಿಸೆಕೆಂಡಿಗೆ ಹೆಚ್ಚೆಂದ್ರೆ 192. ಪ್ಯಾಚ್ ಬರೆದವರು 60 ಬೈಟಿನ ಫೋನ್ ನಂಬರ್ ರೆಕಾರ್ಡ್ ಇಟ್ಕೊಂಡು ಪರೀಕ್ಷೆ ಮಾಡಿರ್ತಾರೆ, ಪಾಸ್. 300 ಬೈಟಿನ ಟಿಪ್ಪಣಿ ಬಂದ ದಿನ ಕನಿಷ್ಠ 108 ಬೈಟ್ ಹಿಂದೆ ಉಳಿಯುತ್ತೆ. ಆ ಬಾಲ ಹೋಗಿ ಮುಂದಿನ ಉತ್ತರದ ತಲೆಗೆ ಅಂಟಿಕೊಳ್ಳುತ್ತೆ, ಅಲ್ಲಿಂದಾಚೆ ಒಂದು ಚೆಕ್‌ಸಮ್ಮೂ (ಡೇಟಾ ಕೆಟ್ಟಿಲ್ಲ ಅಂತ ನೋಡೋ ಲೆಕ್ಕ) ತಾಳೆಯಾಗಲ್ಲ. ಆಗ ಇನ್ಯಾರೋ ಬಂದು 200 ಅನ್ನು 500 ಮಾಡ್ತಾರೆ. ಮತ್ತೆ ಹೆಬ್ಬೆರಳು!

ರೀಡ್ ಕೊಡೋದು ಪ್ಯಾಕೆಟ್ ಅಲ್ಲ ಸ್ವಾಮಿ, ಆ ಕ್ಷಣಕ್ಕೆ ಕೈಗೆ ಸಿಕ್ಕಷ್ಟು ಬೈಟ್. ಒಂದು ಸಿಗಬಹುದು, ಅರ್ಧ ಫ್ರೇಮ್ (ಒಂದು ಪೂರ್ತಿ ಸಂದೇಶದ ಕಟ್ಟು) ಸಿಗಬಹುದು, ಒಂದೂವರೆ ಫ್ರೇಮೂ ಸಿಗಬಹುದು. ಯುಎಸ್‌ಬಿ-ಸೀರಿಯಲ್ ಅಡಾಪ್ಟರ್ ಹಾಕಿದಾಗ ಇದು ಇನ್ನೂ ಚೆನ್ನಾಗಿ ಕಾಣುತ್ತೆ. ಇಂಥ ಅಡಾಪ್ಟರ್‌ಗಳಲ್ಲಿ ಇರೋ ಎಫ್‌ಟಿಡಿಐ ಕಂಪನಿಯ ಚಿಪ್‌ಗಳಲ್ಲಿ 64 ಬೈಟಿನ ಯುಎಸ್‌ಬಿ ಪ್ಯಾಕೆಟ್‌ನ ಮೊದಲ ಎರಡು ಬೈಟ್ ಸ್ಟೇಟಸ್‌ಗೆ ಹೋಗುತ್ತೆ, ನಿಮ್ಮ ಡೇಟಾಗೆ ಉಳಿಯೋದು 62. ಪ್ಯಾಕೆಟ್ ತುಂಬದಿದ್ರೆ ಲೇಟೆನ್ಸಿ ಟೈಮರ್ ಮುಗಿಯೋವರೆಗೆ ಚಿಪ್ ಕಾಯುತ್ತೆ, ಡೀಫಾಲ್ಟ್ 16 ಮಿಲಿಸೆಕೆಂಡ್. ಅದನ್ನು 1ಕ್ಕೆ ಇಳಿಸಿ 'ಸರಿಹೋಯ್ತು' ಅನ್ನೋ ಇನ್ನೊಂದು ಪಂಗಡ ಇದೆ. ಪಾರ್ಸರ್‌ನ (ಬೈಟ್‌ಗಳಿಂದ ಫ್ರೇಮ್ ಬಿಡಿಸೋ ಕೋಡ್) ತಪ್ಪಿಗೆ ಅಡಾಪ್ಟರ್‌ಗೆ ಶಿಕ್ಷೆ, ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದಂಗೆ.

1997ರ ಪಾಕೆಟ್ ಆರ್ಗನೈಸರ್ ಸೈಯಾನ್ (Psion) ಸೀರೀಸ್ 5 ತಗೊಳ್ಳಿ. ಅದರ ಫ್ರೇಮ್ ಶುರುವಾಗೋದು ಹೆಕ್ಸ್‌ನಲ್ಲಿ (ಹದಿನಾರರ ಆಧಾರದ ಎಣಿಕೆ) 16 10 02 ಇಂದ, ಮುಗಿಯೋದು 10 03ರಿಂದ, ಅದರ ಹಿಂದೆ ಎರಡು ಬೈಟ್ ಸಿಆರ್‌ಸಿ, ಅಂದ್ರೆ ಒಂದು ಬಗೆಯ ಚೆಕ್‌ಸಮ್. ಡೇಟಾ ಒಳಗೇ 10 ಬಂದ್ರೆ ಅದನ್ನು ಎರಡು ಸಲ ಕಳಿಸುತ್ತೆ. ಈಗ ನಿಮ್ಮ ರೀಡ್ ಸರಿಯಾಗಿ ಒಂದು 10ರ ಮೇಲೆ ನಿಂತಿತು ಅನ್ಕೊಳ್ಳಿ. ಅದು ಡೇಟಾನೋ, ಫ್ರೇಮಿನ ಕೊನೆಯೋ? ಮುಂದಿನ ಬೈಟ್ ಬರೋವರೆಗೆ ಯಾರಿಗೂ ಗೊತ್ತಾಗಲ್ಲ. ಆದ್ರಿಂದ 'ಈಗಷ್ಟೇ 10 ನೋಡಿದ್ದೀನಿ' ಅನ್ನೋ ನೆನಪು ಫಂಕ್ಷನ್‌ನ ಲೋಕಲ್ ವೇರಿಯಬಲ್‌ನಲ್ಲಿ ಸಾಯಬಾರದು, ಕನೆಕ್ಷನ್‌ನ ಸ್ಟ್ರಕ್ಟ್‌ನಲ್ಲಿ (ಕನೆಕ್ಷನ್ ಇರೋವರೆಗೂ ಉಳಿಯೋ ಜಾಗ) ಬದುಕಬೇಕು. ಐದು ಸ್ಥಿತಿ ಸಾಕು: ಆರಂಭ ಹುಡುಕು, ಡೇಟಾ, 10 ಆದ ಮೇಲೆ, ಸಿಆರ್‌ಸಿ ಒಂದು, ಸಿಆರ್‌ಸಿ ಎರಡು. ಸ್ವಿಚ್-ಕೇಸ್‌ನಲ್ಲಿ ಬರೆದ್ರೆ ಒಂದು ಪರದೆಯಷ್ಟೂ ಆಗಲ್ಲ. ಟೈಮ್‌ಔಟ್ ಎಣಿಸಬೇಕಾದ್ದು ಕೊನೇ ಬೈಟ್ ಬಂದ ಹೊತ್ತಿನಿಂದ. ಲಿನಕ್ಸ್‌ನ ಸೀರಿಯಲ್ ಪೋರ್ಟ್ ಸೆಟ್ಟಿಂಗ್‌ಗಳಾದ ವಿಮಿನ್ (VMIN, ಕನಿಷ್ಠ ಬೈಟ್) 0, ವಿಟೈಮ್ (VTIME, ಕಾಯೋ ಹೊತ್ತು) 5 ಅಂತಿಟ್ರೆ ಪ್ರತಿ ರೀಡ್ ಹೆಚ್ಚೆಂದ್ರೆ ಅರ್ಧ ಸೆಕೆಂಡ್ ಕಾಯುತ್ತೆ. ವಿಟೈಮ್ ಇರೋದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ, ಮಿಲಿಸೆಕೆಂಡ್ ಅಲ್ಲ. 500 ಅಂತ ಬರೆಯೋ ಮಹಾನುಭಾವರು ಇದ್ದಾರೆ. ಅದು ಒಂದೇ ಬೈಟಿನ ಜಾಗ, 500 ಅಲ್ಲಿ ಹಿಡಿಸೋದೂ ಇಲ್ಲ.

ಸ್ಲೀಪ್ ಹಚ್ಚೋರು ಗಮನಿಸದ ಇನ್ನೊಂದು ವಿಷಯ: ಪೋರ್ಟ್ ರಾ ಮೋಡ್‌ನಲ್ಲೇ (ಬೈಟ್‌ಗಳನ್ನು ಬದಲಿಸದೆ ಹಾಗೇ ಕೊಡೋ ಸ್ಥಿತಿ) ಇರಲ್ಲ. ಐಸಿಆರ್‌ಎನ್‌ಎಲ್ (ICRNL) ಅನ್ನೋ ಸೆಟ್ಟಿಂಗ್ ಆನ್ ಇದ್ರೆ ಒಳಗೆ ಬರೋ ಹೆಕ್ಸ್ 0ಡಿ ಎಲ್ಲಾ 0ಎ ಆಗುತ್ತೆ. ಐಎಕ್ಸ್‌ಆನ್ (IXON) ಇದ್ರೆ ಹೆಕ್ಸ್ 11 ಮತ್ತು 13 ನಿಮ್ಮ ತನಕ ಬರೋದೇ ಇಲ್ಲ, ಡ್ರೈವರ್ ನುಂಗಿಬಿಡುತ್ತೆ. ಲಕ್ಷಣ ಏನಂದ್ರೆ, ಹೆಸರು-ವಿಳಾಸ ಸಲೀಸಾಗಿ ಬರುತ್ತೆ, ಚಿತ್ರ ಅಥವಾ ಬೈನರಿ ಫೈಲ್ ಪ್ರತಿ ಸಲ ಅದೇ ಜಾಗದಲ್ಲಿ ಕೆಡುತ್ತೆ. ಅದೇ ಜಾಗದಲ್ಲಿ ಕೆಟ್ರೆ ಅದು ಟೈಮಿಂಗ್ ಸಮಸ್ಯೆ ಆಗಿರೋ ಸಾಧ್ಯತೆ ತೀರಾ ಕಮ್ಮಿ, ಇಷ್ಟು ಯೋಚಿಸಬಾರದಾ? ರಾ ಮೋಡ್‌ನ ಸೆಟ್ಟಿಂಗ್ ತುಂಬೋ ಸಿಎಫ್‌ಮೇಕ್‌ರಾ (cfmakeraw) ಫಂಕ್ಷನ್ ಕರೀರಿ. ಅದು ಸಿಆರ್‌ಟಿಎಸ್‌ಸಿಟಿಎಸ್ (CRTSCTS, ಬೇರೆ ತಂತಿಗಳ ಮೂಲಕ 'ತಡಿ', 'ಕಳಿಸು' ಅಂತ ಹೇಳೋ ಫ್ಲೋ ಕಂಟ್ರೋಲ್) ಮುಟ್ಟಲ್ಲ, ಮೂರೇ ತಂತಿಯ ಕೇಬಲ್ ಇದ್ರೆ ಅದನ್ನು ನೀವೇ ಆಫ್ ಮಾಡಿ. ಸೆಟ್ಟಿಂಗ್ ಜಾರಿ ಮಾಡೋ ಟಿಸಿಸೆಟ್ಅಟ್ರ್ (tcsetattr) ಕೇಳಿದ ಬದಲಾವಣೆಗಳಲ್ಲಿ ಒಂದು ಆದ್ರೂ ಸಾಕು, ಯಶಸ್ಸು ಅಂತ ಹೇಳಿಬಿಡುತ್ತೆ. ಹಾಗಾಗಿ ಟಿಸಿಗೆಟ್ಅಟ್ರ್‌ನಿಂದ (tcgetattr) ವಾಪಸ್ ಓದಿ ಹೋಲಿಸಿ. ಚೆಕ್‌ಸಮ್‌ಗೆ ಬರೀ ಚಾರ್ (ಒಂದು ಬೈಟಿನ ವೇರಿಯಬಲ್) ಬಳಸಬೇಡಿ, ಅನ್‌ಸೈನ್ಡ್ (ಋಣ ಸಂಖ್ಯೆ ಇಲ್ಲದ್ದು) ಹಾಕಿ. ಎಕ್ಸ್86 ಲಿನಕ್ಸ್‌ನಲ್ಲಿ ಚಾರ್ ಸೈನ್ಡ್, ಆರ್ಮ್‌ನಲ್ಲಿ ಅಲ್ಲ.

'ಹಳೇ ಯಂತ್ರ ನಿಧಾನ ಕಣ್ರೀ, ಸ್ವಲ್ಪ ಉಸಿರಾಡೋಕೆ ಬಿಡಬೇಕು' ಅನ್ನೋ ವಾದ ಬಂದೇ ಬರುತ್ತೆ. ಒಪ್ಪಿದೆ, ಕಳಿಸೋ ಕಡೆಗೆ ಮಾತ್ರ. ಫಿಫೋ (ಬಂದ ಬೈಟ್‌ಗಳನ್ನು ಸಾಲಾಗಿ ಇಟ್ಕೊಳ್ಳೋ ಜಾಗ) ಇಲ್ಲದ, ಫ್ಲೋ ಕಂಟ್ರೋಲ್ ಇಲ್ಲದ ಯಂತ್ರಕ್ಕೆ ಬೈಟ್‌ಗಳ ನಡುವೆ ಅಂತರ ಬೇಕು. ಸೀರಿಯಲ್ ಪೋರ್ಟಿನ ಡಿಟಿಆರ್ ಸಂಕೇತದ ತಂತಿಯಿಂದ ಕರೆಂಟ್ ಕದಿಯೋ ಕೇಬಲ್‌ಗೆ ಪೋರ್ಟ್ ತೆರೆದ ಮೇಲೆ ಚೂರು ಹೊತ್ತು ಬೇಕು. ಅದಕ್ಕೆ ಹೆಸರಿರೋ ಒಂದು ಕಾನ್‌ಸ್ಟಂಟ್ ಮಾಡಿ, ಯಾಕೆ ಅಂತ ಕಾಮೆಂಟ್ ಬರೀರಿ. ರೈಟ್ ಮುಗೀತು ಅಂದ್ರೆ ಬೈಟ್ ತಂತಿಗೆ ಇಳೀತು ಅಂತಲ್ಲ, ಅದು ಇಳಿಯೋವರೆಗೆ ಕಾಯೋಕೆ ಟಿಸಿಡ್ರೈನ್ (tcdrain) ಇದೆ. ಓದೋ ಕಡೆ ಸ್ಲೀಪ್‌ಗೆ ನನ್ನ ಹತ್ರ ಕ್ಷಮೆ ಇಲ್ಲ. ಇಷ್ಟು ಸಿಟ್ಟು ಯಾಕೆ ಅಂದ್ರೆ, ಈ ಗ್ಯಾಜೆಟ್‌ಗಳಲ್ಲಿ ಎಷ್ಟೋ ಸಲ ಡೇಟಾ ಇರೋದು ಬ್ಯಾಟರಿ ನಂಬಿಕೊಂಡ ರ‍್ಯಾಮ್‌ನಲ್ಲಿ. ಅರ್ಧ ಬಂದ ಬ್ಯಾಕಪ್ ಪೂರ್ತಿ ಬಂದಂಗೇ ಕಾಣುತ್ತೆ, ಬ್ಯಾಟರಿ ತೆಗೆದ ಮೇಲೆ ಕೇಳೋಕೆ ಯಾರೂ ಇರಲ್ಲ.

ಪರೀಕ್ಷೆಗೆ ಯಂತ್ರವೂ ಬೇಡ. ಒಂದು ಸಲ ಎಸ್‌ಟ್ರೇಸ್ (strace, ಪ್ರೋಗ್ರಾಂ ಮಾಡೋ ರೀಡ್-ರೈಟ್ ತೋರಿಸೋ ಸಾಧನ) ಹಾಕಿ ನಿಜವಾದ ಬೈಟ್‌ಗಳನ್ನು ಹಿಡಿದಿಟ್ಟುಕೊಳ್ಳಿ, ಸೋಕ್ಯಾಟ್ (socat) ಅನ್ನೋ ಪ್ರೋಗ್ರಾಂನಲ್ಲಿ ಎರಡು ಸುಳ್ಳು ಪೋರ್ಟ್ ಜೋಡಿಸಿ, ಅದೇ ಬೈಟ್‌ಗಳನ್ನು ಮೂರು ತರ ಉಣಿಸಿ: ಒಂದೊಂದೇ ಬೈಟ್, 62ರ ತುಂಡು, ಎರಡು ಫ್ರೇಮ್ ಒಟ್ಟಿಗೆ. ಮೂರರಲ್ಲೂ ಅದೇ ಫ್ರೇಮ್‌ಗಳು ಹೊರಬರಬೇಕು. ಮೂರನೇದನ್ನೇ ಮೊದಲು ಮಾಡಿ, ಮೊದಲ ಫ್ರೇಮ್ ಸಿಕ್ಕ ಖುಷಿಗೆ ಬಫರ್ ಖಾಲಿ ಮಾಡಿ ಎರಡನೇದನ್ನು ಎಸೆಯೋ ಪಾರ್ಸರ್‌ಗಳಿಗೆ ಬರವಿಲ್ಲ.